ನೂರು ನೀರು ತೊಳೆದ ತುಪ್ಪ

ಕುರುಗೋಡು
9 ಜೂನ್ 2025

ಮಗಳೇ ಶಾಂಭವಿ,

ಮೊದಲು ನನ್ನ ಆಶೀರ್ವಾದ ತೆಗೆದುಕೋ, ಸಿಟ್ಟು ಆಮೇಲೆ ಮಾಡಿಕೋ. ಐಶ್ವರ್ಯಳ ಮದುವೆ ಮುಗಿಸಿಕೊಂಡು ಸಿರುಗುಪ್ಪದಿಂದ ಬಂದು ಎರಡು ತಿಂಗಳಾಗುತ್ತ ಬಂತು. ಮೊಮ್ಮಗಳು ಗಂಡನ ಮನೆಯಲ್ಲಿ ಹೇಗಿದ್ದಾಳೆಂದು ಒಂದು ಮಾತು ನಾನು ಕೇಳಲಿಲ್ಲ. ತಪ್ಪು ನನ್ನದೇ. ಫೋನ್ ಮಾಡಬಹುದಿತ್ತು, ಆದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತಲ್ಲ. ಸ್ಪೀಕರ್ ಹಾಕಿಕೊಂಡೇ ಮಾತಾಡಬೇಕು, ನಾನು ಕೂಗುವುದು ಓಣಿಗೆಲ್ಲ ಕೇಳಬೇಕು. ಈಗ ಹೇಳಬೇಕಾದದ್ದು ಓಣಿ ಹಾಗಿರಲಿ, ನಮ್ಮ ಅಡುಗೆಮನೆಗೂ ಕೇಳಬಾರದು. ಅದಕ್ಕೇ ಈ ಕಾಗದ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಅಕ್ಷರ ತಿದ್ದಿಸಿದ ಕೈ, ಇನ್ನೂ ಬರೆಯುತ್ತದೆ.

ನಿನ್ನ ತಮ್ಮ ಪ್ರಭುಲಿಂಗನ ಹೆಂಡತಿ ಕಾವೇರಿ ನನ್ನ ಬೆನ್ನ ಹಿಂದೆ ಏನೋ ನಡೆಸಿದ್ದಾಳೆ.

ನನ್ನ ಚರ್ಮ ಈಗ ಈರುಳ್ಳಿಯ ಸಿಪ್ಪೆಯಂತಾಗಿದೆ. ಅರವತ್ತೆಂಟಾಯಿತಲ್ಲ. ಸೀರೆಯ ಅಂಚು ತಾಗಿದರೂ ಗೀರು ಬೀಳುತ್ತದೆ, ಬಿಸಿಲಿಗೆ ಹೋದರೆ ಉರಿ. ಪ್ರಭುಲಿಂಗ ತನ್ನ ಜೀನ್ಸ್ ಹೊಲಿಗೆಯ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಬಳ್ಳಾರಿಯಲ್ಲಿ ಡಾಕ್ಟರಿಗೆ ತೋರಿಸಿದ. ಅವರು ಕೊಟ್ಟ ಟ್ಯೂಬಿನ ವಾಸನೆ ನನಗೆ ಆಗಿಬರಲಿಲ್ಲ. ಆಗ ಕಾವೇರಿ, "ಬಿಡ್ರಿ ಅತ್ತಿ, ನಾನು ಮನ್ಯಾಗ ಮುಲಾಮು ಮಾಡಿ ಹಚ್ತೀನಿ. ತೆಕ್ಕಲಕೋಟ್ಯಾಗ ನಮ್ಮಜ್ಜಿ ಹೊನ್ನೂರಮ್ಮ ಮಾಡ್ತಿದ್ಲು, ನೂರು ನೀರು ತೊಳೆದ ತುಪ್ಪ" ಅಂದಳು. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಒಂದು ದಿನ ನನ್ನ ಕಾಲು ಒತ್ತಿದವಳಲ್ಲ. ನಿಮ್ಮ ಮನೆಯ ಮದುವೆಯಿಂದ ಬಂದದ್ದೇ ತಡ, ಇವಳಿಗೆ ನನ್ನ ಚರ್ಮದ ಚಿಂತೆ ಹತ್ತಿದೆ. ಯಾಕೆ ಹತ್ತಿತು, ನೀನೇ ಹೇಳು.

ಮಾಡುವ ರೀತಿ ಹೀಗೆ. ಆಕಳ ತುಪ್ಪವನ್ನು ತಾಮ್ರದ ಪರಾತಕ್ಕೆ ಹಾಕಿ, ತಣ್ಣೀರು ಸುರಿದು, ಅಂಗೈಯಿಂದ ತಿಕ್ಕುತ್ತಾಳೆ. ಆ ನೀರು ಚೆಲ್ಲಿ ಹೊಸ ನೀರು ಹಾಕಿ ಮತ್ತೆ ತಿಕ್ಕುತ್ತಾಳೆ. ಹಾಗೆ ನೂರು ಸಲ. ಕೊನೆಗೆ ತುಪ್ಪದ ವಾಸನೆಯೂ ಹೋಗಿ, ಜಿಡ್ಡೂ ಹೋಗಿ, ಬೆಣ್ಣೆಗಿಂತ ಹಗುರಾಗಿ ಬೆಳ್ಳಗೆ ನಿಲ್ಲುತ್ತದಂತೆ. ಪರಾತ ಯಾವುದು ಗೊತ್ತೇ? ರಾರಾವಿಯಿಂದ ನಮ್ಮವ್ವ ನನ್ನ ಮದುವೆಗೆ ಕೊಟ್ಟದ್ದು. ಕೇಳದೆ ಅಟ್ಟದಿಂದ ಇಳಿಸಿದ್ದಾಳೆ. ತುಪ್ಪವೂ ನನ್ನ ಗಿಂಡಿಯದೇ!

ಇಷ್ಟಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಮಾಡುವಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಮುಚ್ಚಿಕೊಳ್ಳುತ್ತಾಳೆ. ತುಪ್ಪ ತೊಳೆಯುವುದರಲ್ಲಿ ಮುಚ್ಚಿಡುವಂಥದ್ದೇನಿದೆ? ನಾನೇನು ಕಡಿಮೆಯೇ. ಅಡುಗೆಮನೆಯ ನೀರು ಚರಂಡಿಗೆ ಬೀಳುವ ಪೈಪು ನಮ್ಮ ಕಟ್ಟೆಯ ಎದುರಿಗೇ ಇದೆ. ಮಧ್ಯಾಹ್ನ ಊಟ ಮಾಡಿ ಕಟ್ಟೆಯ ಮೇಲೆ ಕುಳಿತು, ನೀರು ಬಿದ್ದಾಗಲೆಲ್ಲ ಒಂದೊಂದು ಹುಣಸೆಬೀಜ ಪಕ್ಕಕ್ಕೆ ಸರಿಸಿದೆ. ಅರವತ್ತೆರಡು ಬೀಜ! ಸಂಜೆ ಕೇಳಿದರೆ, "ನೂರು ಆದ್ವು ನೋಡ್ರಿ ಅತ್ತಿ, ರಟ್ಟಿ ಬಿದ್ದು ಹೋದ್ವು" ಎನ್ನುತ್ತಾಳೆ.

ಇನ್ನೂ ಇದೆ. ದಿನಾ ದೀಪ ಹಚ್ಚಿದ ಮೇಲೆ ನನ್ನ ಮುಖಕ್ಕೂ ಕೈಗೂ ಹಚ್ಚುವ ಡಬ್ಬಿ ಬೇರೆ. ಅಕ್ಕಿ ಡ್ರಮ್ಮಿನ ಹಿಂದೆ ಇನ್ನೊಂದು ಡಬ್ಬಿ ಬಚ್ಚಿಟ್ಟಿದ್ದಾಳೆ. ತೆಗೆದು ನೋಡಿದೆ, ಹಾಲಿನಂಥ ಬಿಳಿ ಮುಲಾಮು. ನನಗೆ ಹಚ್ಚುವುದು ಅಷ್ಟು ಬಿಳಿಯಲ್ಲ. ಕಣ್ಣಿಗೆ ಪೊರೆ ಬಂದಿದ್ದರೂ ಅಷ್ಟು ನನಗೆ ಕಾಣುತ್ತದೆ. ಒಳ್ಳೆಯದು ತೆಕ್ಕಲಕೋಟೆಗೆ, ಅವರವ್ವನಿಗೆ. ಉಳಿದ ಗಸಿ ಅತ್ತೆಗೆ. ಅಷ್ಟೇ ಆದರೆ ಪುಣ್ಯ. ನನ್ನ ಡಬ್ಬಿ ತೋರಿಸಿ, "ಇದ್ರಾಗ ಏನ್ ಕಲಸೀದಿ?" ಎಂದು ಕೇಳಿದೆ. "ಏನಿಲ್ರಿ ಅತ್ತಿ, ಬರೇ ತುಪ್ಪ" ಅಂದಳು. ನನ್ನ ಮುಖ ನೋಡಿ ಹೇಳಲಿಲ್ಲ. ಭಾನುವಾರ ಪ್ರಭುಲಿಂಗ ಮಲಗಿದ್ದಾಗ ಅವನ ಹಿಮ್ಮಡಿಗೆ ಒಂದಿಷ್ಟು ಹಚ್ಚಿ ನೋಡಿದೆ. ಏನೂ ಆಗಲಿಲ್ಲ, ಹಿಮ್ಮಡಿ ಮೆತ್ತಗಾಯಿತು. ಆದರೂ ಆ ಹಿಮ್ಮಡಿಯನ್ನು ನಂಬಿಕೊಂಡು ನಾನು ಮುಖ ಕೊಡುವುದು ಹೇಗೆ?

ನನಗೆ ಈ ಮನೆ ಸಾಕಾಗಿದೆ ಶಾಂಭವಿ. ಐಶ್ವರ್ಯ ಹೋದ ಮೇಲೆ ನಿನ್ನ ಮುಂದಿನ ಕೋಣೆ ಖಾಲಿಯೇ ಇದೆಯಲ್ಲ, ಬಂದು ಅಲ್ಲಿಯೇ ಇದ್ದುಬಿಡಲೇ? ಅಳಿಯಂದಿರನ್ನು ಕೇಳಿ ತಿಳಿಸು. ಹೂಂ ಎಂದರೆ ಮರುದಿನದ ಬಸ್ಸಿಗೆ ನಾನು ಅಲ್ಲಿರುತ್ತೇನೆ.

ನಿನ್ನವ್ವ,
ಸಾವಂತ್ರಮ್ಮ


ಕುರುಗೋಡು
1 ಜುಲೈ 2025

ಮಗಳೇ,

ನೀನು ಕೋಣೆ ತೆರವು ಮಾಡಿ, ಮಂಚ ಹಾಕಿಸಿ ಕಾಯುತ್ತಿದ್ದೀಯೆಂದು ಪ್ರಭುಲಿಂಗ ಹೇಳಿದ. ಹತ್ತು ದಿನವಾದರೂ ನಾನು ಬರಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಬೇಜಾರು ಮಾಡಿಕೊಂಡಿರುತ್ತೀ. ಏನಾಯಿತೆಂದು ಹೇಳುತ್ತೇನೆ ಕೇಳು.

ನಿನ್ನ ಮನೆಗೆ ಬರಲೆಂದೇ ಬಟ್ಟೆ ಗಂಟು ಕಟ್ಟುತ್ತಿದ್ದೆ. ಕಾವೇರಿಯ ಕೈಗೆ ಕೊಡಲು ಮನಸ್ಸಾಗದೆ ನನ್ನ ಬಿಳಿ ಕುಪ್ಪಸವನ್ನು ನಾನೇ ಒಗೆಯಲು ಕುಳಿತೆ. ತೋಳಿನ ಮೇಲೆ ಮುಲಾಮಿನ ಕಲೆ ಇತ್ತು, ಬಿಸಿಲಿಗೆ ಹಿಡಿದರೆ ನಸುಹಳದಿ. ಸೋಪು ತಿಕ್ಕಿದೆ ನೋಡು, ಕಲೆ ಕೆಂಪಗಾಗಿಬಿಟ್ಟಿತು! ವಿಷವೇ ಇರಬೇಕೆಂದುಕೊಂಡೆ, ಸುಳ್ಳೇಕೆ ಹೇಳಲಿ. ಮತ್ತೊಂದು ಗಳಿಗೆಗೆ ತಿಳಿಯಿತು. ಅರಿಶಿನಕ್ಕೆ ಸೋಪು ತಾಗಿದರೆ ಹಾಗೆ ಕೆಂಪಾಗುತ್ತದೆಂದು ಮದುವೆಮನೆಯ ಬಟ್ಟೆ ಒಗೆದ ಯಾವ ಹೆಂಗಸಿಗೆ ಗೊತ್ತಿಲ್ಲ?

ಅರಿಶಿನ! ನಿಮ್ಮಪ್ಪ ಹೋಗಿ ಆರು ವರ್ಷವಾಯಿತು. ಆ ದಿನ ಮುಖದಿಂದ ತೊಳೆದುಕೊಂಡ ಅರಿಶಿನವನ್ನು ಮತ್ತೆ ಹಚ್ಚಿಕೊಂಡವಳಲ್ಲ ನಾನು. ಇವಳು ದಿನಾ ಸಂಜೆ, ದೇವರ ಮುಂದೆ ದೀಪ ಉರಿಯುತ್ತಿರುವಾಗ, ನನ್ನ ಮುಖಕ್ಕೆ ಅರಿಶಿನ ಹಚ್ಚುತ್ತಿದ್ದಳು. ಒದ್ದೆ ಕುಪ್ಪಸ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲು ದೂಡಿದೆ. ಪರಾತದ ಮುಂದೆ ಕುಳಿತಿದ್ದಳು, ಮೊಳಕೈತನಕ ತುಪ್ಪ.

"ಮುದುಕಿಗೆ ಅರಿಶಿನ ಬಳದು ಓಣ್ಯಾಗ ನಗಿಸಬೇಕಂತ ಮಾಡೀದೇನು?" ಅಂದೆ. ಇನ್ನೂ ಏನೇನೋ ಅಂದೆ, ಅದನ್ನು ಬರೆಯುವುದು ಬೇಡ.

ಅವಳು ಏಳಲಿಲ್ಲ. "ನಗಸಾಕಲ್ರಿ ಅತ್ತಿ. ಅರಿಶಿನ ಹಾಕಿದ್ರ ಗೀರು ಲಗೂನ ಮಾಯ್ತಾವ, ನಮ್ಮಜ್ಜಿ ಹಂಗ ಮಾಡ್ತಿದ್ಲು. ಮೊದ್ಲ ಹೇಳಿದ್ರ ನೀವು ಹಚ್ಚಿಸ್ಕೊಂತಿದ್ದಿಲ್ಲ. ಅದಕ್ಕ ಬಾಗ್ಲ ಮುಂದ ಮಾಡ್ಕೊಂತಿದ್ದೆ" ಅಂದಳು.

"ನಾನು ಹಚ್ಕೋಬಾರ್ದು ಅನ್ನೂದು ಗೊತ್ತಿಲ್ಲೇನು ನಿನಗ?"

"ಗೊತ್ತೈತ್ರಿ. ಐಶ್ವರ್ಯನ ಮದಿವ್ಯಾಗ ನಿಮ್ಮ ಮಾರಿ ನೋಡೀನಿ."

ಅಷ್ಟೇ ಅಂದು ಮತ್ತೆ ತಿಕ್ಕತೊಡಗಿದಳು. ಅಷ್ಟಕ್ಕೇ ಬಿಡಬಾರದೆಂದು ಡ್ರಮ್ಮಿನ ಹಿಂದಿನ ಡಬ್ಬಿಯನ್ನು ತಂದು ಅವಳ ಮುಂದೆ ಕುಕ್ಕಿದೆ. "ಅದು ಶಾಂಭವಕ್ಕಗ ಮಾಡೀನ್ರಿ. ಮದಿವಿ ಕೆಲಸದಾಗ ಅವರ ಕೈ ಒಡದು ಹೋಗಿದ್ವು. ಅದ್ರಾಗ ಅರಿಶಿನ ಹಾಕಿಲ್ಲ. ಅವರಿಗೆ ಅದು ದಿನಾ ಮಾರಿಗೆ ಐತೆಲ್ರಿ" ಅಂದಳು.

ಅರವತ್ತೆರಡು ಬೀಜದ ಲೆಕ್ಕವೂ ಬಗೆಹರಿಯಿತು. ಪಕ್ಕದ ಮನೆಯ ಕೆಂಚಣ್ಣನ ಮುಂದೆ ಕಾವೇರಿಯ ಕಳ್ಳಾಟ ಹೇಳಿಕೊಂಡಿದ್ದೆ. ಅವನು ಹಲ್ಲು ಕಿಸಿದ. "ಆವತ್ತು ಕಟ್ಟಿಮ್ಯಾಲೆ ಕುಂತಲ್ಲೇ ಗೊರಕಿ ಹೊಡ್ಯಾಕ ಹತ್ತಿದ್ರೆಲ್ಲ ಅಕ್ಕಾರ. ನೀರು ಬೀಳಾಕ ಹತ್ತಿತ್ತು, ಬೀಜ ನಿಮ್ಮ ಉಡಿಯಾಗ ಇದ್ವು" ಅಂದ. ಆಗಲೇ ಹೇಳಬಾರದಿತ್ತೇ, ಹಾಳಾದವನು!

ಆ ಸಂಜೆ ಕಾವೇರಿ ಬಿಳಿ ಡಬ್ಬಿಯನ್ನೂ ನನ್ನ ಡಬ್ಬಿಯನ್ನೂ ಎದುರಿಗಿಟ್ಟುಕೊಂಡು, "ಯಾವ್ದು ಹಚ್ಚಲ್ರಿ?" ಎಂದು ಕೇಳಿದಳು. ನಾನು ಹಳದಿಯದನ್ನೇ ತೋರಿಸಿದೆ. ಅವಳ ಬೆರಳು ಕೆನ್ನೆಗೆ ತಾಗಿದಾಗ ಅಳು ಬಂತು, ಅತ್ತುಬಿಟ್ಟೆ. ನಾಚಿಕೆಯಿಲ್ಲ ನೋಡು ನನಗೆ. ಅವಳು ಕಣ್ಣೀರು ಒರೆಸಲಿಲ್ಲ, ಮುಲಾಮು ಕರಗುತ್ತದೆಂದು ಬೈದಳು.

ಈಗ ತುಪ್ಪ ತೊಳೆಯುವಾಗ ನೀರು ಹಾಕುವವಳು ನಾನು, ತಿಕ್ಕುವವಳು ಅವಳು. ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ. ಆದರೂ ಎಣಿಸುವುದನ್ನು ಬಿಟ್ಟಿಲ್ಲ. ತೊಂಬತ್ತಕ್ಕೆ ಮುಗಿಸುವ ಹುನ್ನಾರ ಅವಳಲ್ಲಿ ಇದ್ದೇ ಇದೆ, ನನಗೆ ಗೊತ್ತು.

ಹಾಗಾಗಿ ನಾನು ಸಿರುಗುಪ್ಪಕ್ಕೆ ಬರುವುದಿಲ್ಲ. ಮಂಚ ತೆಗೆಸಿಬಿಡು. ನಿನ್ನ ಡಬ್ಬಿಯನ್ನು ಈ ಕಾಗದದ ಜೊತೆ ಪ್ರಭುಲಿಂಗನ ಕೈಯಲ್ಲಿ ಕಳಿಸಿದ್ದೇನೆ, ಬಿಸಿಲಿಗೆ ಇಡಬೇಡ. ಐಶ್ವರ್ಯಳ ಮಡಿಲು ಬೇಗ ತುಂಬಲಿ, ಅಳಿಯಂದಿರು ಗಟ್ಟಿಯಾಗಿರಲಿ, ನಿನ್ನ ಮುಖದ ಅರಿಶಿನ ನೂರು ವರ್ಷ ಇರಲಿ. ದೊಡ್ಡಬಸವೇಶ್ವರ ನಿನ್ನನ್ನು ಕಾಯಲಿ.

ನಿನ್ನವ್ವ,
ಸಾವಂತ್ರಮ್ಮ

ಮರೆತಿದ್ದೆನೆಂದು ತಿಳಿಯಬೇಡ, ಬರೆಯಲು ಧೈರ್ಯ ಬಂದಿರಲಿಲ್ಲ. ಐಶ್ವರ್ಯಳಿಗೆ ಅರಿಶಿನ ಹಚ್ಚುವ ದಿನ ಮುತ್ತೈದೆಯರ ಹಿಂದೆ ನಾನೂ ಕುಳಿತಿದ್ದೆ. ಕೊನೆಗೆ ಒಂದು ಬೆರಳಾದರೂ ಮೊಮ್ಮಗಳ ಕೆನ್ನೆಗೆ ತಾಗಿಸೋಣವೆಂದು ಕೈ ಚಾಚಿದೆ. ಆ ಅರಿಶಿನವನ್ನು ಎರಡು ದಿನ ಕುಟ್ಟಿ, ಸೋಸಿ ತಂದವಳು ನಾನು. ಬಟ್ಟಲನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದರು. ನಿನ್ನ ಅತ್ತೆ ಹೇಳಿಸಿರಬೇಕೆಂದುಕೊಂಡೆ. ಕಾವೇರಿ ಕಿವಿಯೂದಿರಬೇಕೆಂದುಕೊಂಡೆ. ಎರಡು ತಿಂಗಳು ಕಂಡಕಂಡವರ ಮೇಲೆಲ್ಲ ಅನುಮಾನಪಟ್ಟೆ, ನಿನ್ನೊಬ್ಬಳನ್ನು ಬಿಟ್ಟು. ಆದರೆ ಶಾಂಭವಿ, ಬಟ್ಟಲು ಎತ್ತಿದ ಕೈಯಲ್ಲಿದ್ದ ಹಸಿರು ಬಳೆ ಆ ಬೆಳಿಗ್ಗೆ ನಾನೇ ನಿನಗೆ ತೊಡಿಸಿದ್ದು. ಮುಲಾಮನ್ನು ಆ ಕೈಗೆ ಹಚ್ಚಿಕೋ ತಾಯಿ, ಒಡೆದಿದೆಯಂತಲ್ಲ.