ಮಾಸ್ಕ್ ಹಾಕಿಕೊಂಡೇ ಭಾಷಣ

19 ಜನವರಿ 2025, ಭಾನುವಾರ

ವಾರದಿಂದ ಕಾಡಿದ ಭಾಷಣ ಮುಗಿಯಿತು. ಆಪರೇಷನ್ ಥಿಯೇಟರ್ ನರ್ಸ್‌ಗಳ ಸಂಘದಲ್ಲಿ ಇದು ನನ್ನ ಮೊದಲನೆಯದು. ವೇದಿಕೆ ಹತ್ತಿದಾಗ ಮಾತೇ ಹೊರಡಲಿಲ್ಲ. ಥಿಯೇಟರ್‌ನಲ್ಲಿ ಸರ್ಜನ್‌ಗಳನ್ನೇ ಗದರುವವಳು ನಾನು! ಜತೆಗೆ ಕೆಲಸ ಮಾಡುವ ಶರ್ಮಿಳಾ ಎದ್ದು ಬಂದು ಒಂದು ಮಾಸ್ಕ್ ಕೊಟ್ಟಳು.

"ಇದು ಹಾಕಿ ಮಾತಾಡಿ ಅಕ್ಕ. ಬರೀ ಮುಖದಲ್ಲಿ ನಿಮಗೆ ಅಭ್ಯಾಸ ಇಲ್ಲ ಮಾರಾಯ್ರೆ."

ಸಭೆಯೆಲ್ಲ ನಕ್ಕಿತು. ಹಾಕಿಕೊಂಡೆ. ಉಪಕರಣಗಳ ಶುದ್ಧೀಕರಣದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ತಡವರಿಸದೆ ಹೇಳಿದೆ. ಪ್ರಶ್ನೆಗಳಿಗೂ ಉತ್ತರಿಸಿದೆ.

ಗ್ರೂಪ್ ಫೋಟೋ ತೆಗೆಯುವಾಗಲೂ ಅದನ್ನು ಕಳಚಲು ಮರೆತಿದ್ದೇನೆ. ಕಾವೂರಿನ ಮನೆಗೆ ಬಂದ ಮೇಲೆ ಇವರು ಮೊಬೈಲ್ ದಿಟ್ಟಿಸಿ, "ಎಂತ ಇದು, ನಿನ್ನ ಮುಖವೇ ಇಲ್ಲ?" ಎಂದರು. ಅದೇ ಫೋಟೋವನ್ನು ಶರ್ಮಿಳಾಳಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು:

"ಎಷ್ಟು ಚಂದ ನಗ್ತಾ ಇದ್ದೀರಿ ಅಕ್ಕ!"