ಹುರುಳಿ ಒಕ್ಕುವ ಬೆಳಗಿನ ಬಸ್ಸು

ಮದ್ದೂರು, ಜನವರಿ 1974

ಮದ್ದೂರು–ಮಳವಳ್ಳಿ ರಸ್ತೆಯನ್ನು ನೋಡಿಕೊಳ್ಳುವ ಮಾನ್ಯ ಇಂಜಿನಿಯರ್ ಅವರೇ,

ನಿಮ್ಮ ಅರ್ಧ ಮೈಲಿ ಡಾಂಬರಿನಿಂದಾಗಿ ನನ್ನ ಕೆಲಸ ಹೋಗುವ ಹಾಗಿದೆ. ಗುಂಡಿಗಳಿಂದಲ್ಲ, ಅವು ನಮಗೆ ಅಭ್ಯಾಸವಾಗಿವೆ.

ಕಳೆದ ವರ್ಷ ಗಣ್ಯರೊಬ್ಬರು ಪಂಪ್‌ಸೆಟ್ ಉದ್ಘಾಟನೆಗೆ ಬಂದಾಗ, ಅವರ ಕಾರು ಫೋಟೋದಲ್ಲಿ ಕಾಣುವಷ್ಟು ದೂರಕ್ಕೆ ನೀವು ಡಾಂಬರು ಹಾಕಿಸಿದಿರಿ. ಕಾರು ಹೋಯಿತು, ಡಾಂಬರು ಉಳಿಯಿತು. ಸುತ್ತಲಿನ ಹಳ್ಳಿಗಳಿಗೆ ಅಷ್ಟು ನಯವಾದ ನೆಲ ಬೇರೆಲ್ಲಿದೆ? ಸುಗ್ಗಿ ಬಂದದ್ದೇ ಎಲ್ಲರೂ ಹುರುಳಿ ಗಿಡ ತಂದು ಅಲ್ಲೇ ಹರಡಿದ್ದಾರೆ. ಬಸ್ಸಿನ ಚಕ್ರ ಹತ್ತಿದರೆ ಕಾಳು ಉದುರುತ್ತದೆ. ಎತ್ತು ಬೇಡ, ಗುಂಡುಕಲ್ಲು ಬೇಡ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

ಆದರೆ ನಾನಿರುವುದು ಬಸ್ಸಿನಲ್ಲಿ. ಮುಂದಿನ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬೆಳಗಿನ ಈ ಬಸ್ಸಿಗಿಂತ ಮುಂಚೆ ಬೇರೆ ಬಸ್ಸಿಲ್ಲ. ಮೊನ್ನೆ ಸೋಮವಾರ ಚಿಕ್ಕಬೋರಮ್ಮ ಎಂಬಾಕೆ ಮೊರ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು.

"ಅಂಚಲ್ಲೇ ಓದ್ಯಲ್ಲ ಡ್ರೈವರಣ್ಣ. ಇಂದಕ್ಕೆ ತಗಂಡು ನಡೂಮಧ್ಯ ಬುಡು."

"ಲೇಟಾಯ್ತದೆ ಕಣಮ್ಮ, ಮೇಡಮ್ಮೋರು ಪಾಠಕ್ಕೋಗ್ಬೇಕು," ಎಂದ ಕಂಡಕ್ಟರ್ ಚಲುವರಾಜು.

"ಯಾಕೆ, ಮೇಡಮ್ಮೋರು ಉಳ್ಳಿಕಾಳ್ ಸಾರು ಉಣ್ಣಕಿಲ್ವಾ?"

ಡ್ರೈವರ್ ಗೇರು ಬದಲಿಸಿದ. ಬಸ್ಸು ಹಿಂದಕ್ಕೆ ಹೋಗಿ ಮತ್ತೆ ಬಂತು. ಆಕೆ ಬಗ್ಗಿ ನೋಡಿ, ನನ್ನ ಕಿಟಕಿಯ ಹತ್ತಿರ ಬಂದರು.

"ಅವ್ವ, ಒಸಿ ಆ ಪಕ್ಕ ಕೂತ್ಕಳಿ. ಅತ್ಲಾಗೆ ಕಾಳು ಉದುರಿಲ್ಲ."

ನಾನು ಎದ್ದು ಆ ಪಕ್ಕ ಕೂತೆ. ನಮ್ಮ ಕಾನ್ವೆಂಟಿನಲ್ಲಿ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದ್ದರು, ಭಾರ ಬಿಟ್ಟು ಕೂರುವುದನ್ನಲ್ಲ. ಆದರೂ ಪ್ರಯತ್ನಿಸಿದೆ. ಅದು ಸೌಜನ್ಯವೋ ಹೇಡಿತನವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಅಂದು ಪಾಠಕ್ಕೆ ತಡವಾದದ್ದಕ್ಕೆ ಪ್ರಾಂಶುಪಾಲರು ವಿವರಣೆ ಕೇಳಿದರು. "ಬಸ್ಸು ಹುರುಳಿ ಒಕ್ಕುತ್ತಿತ್ತು" ಎಂದು ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಎಂದರು. ಇನ್ನೊಮ್ಮೆ ತಡವಾದರೆ ನನ್ನ ಕೆಲಸ ಖಾಯಂ ಆಗುವುದಿಲ್ಲವಂತೆ. ಪಂಕ್ಚರ್ ಎಂದಿದ್ದರೆ ನಂಬುತ್ತಿದ್ದರು.

ಆದ್ದರಿಂದ ಉಳಿದ ರಸ್ತೆಗೂ ಡಾಂಬರು ಹಾಕಿಸಿ, ರಾಶಿಗಳು ಹಂಚಿಹೋಗಲಿ. ಹಣವಿಲ್ಲವೆಂದರೆ ಆ ಅರ್ಧ ಮೈಲಿಯನ್ನೂ ಕೀಳಿಸಿ. ಆ ವಿದ್ಯೆಯಲ್ಲಿ ನಿಮ್ಮ ಇಲಾಖೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೂ ಆಗದಿದ್ದರೆ, ಬೆಳಗಿನ ಬಸ್ಸು ಹುರುಳಿ ಒಕ್ಕುವುದು ನಿಜವೆಂದು ಮೊಹರು ಹಾಕಿ ನಮ್ಮ ಪ್ರಾಂಶುಪಾಲರಿಗೆ ಬರೆದುಕೊಡಿ. ಹುರುಳಿ ಇನ್ನೇನು ಮುಗಿಯಿತೆಂದು ಸುಮ್ಮನಾಗಬೇಡಿ. ಮೆದೆಗಳಲ್ಲಿ ರಾಗಿ ಕಾದು ಕೂತಿದೆ.

ಇಂತಿ,
ಮನೆಯಿಂದ ಸಕಾಲಕ್ಕೇ ಹೊರಟಿರುವ,
ಕನಕಲಕ್ಷ್ಮಿ
ಇಂಗ್ಲಿಷ್ ಅಧ್ಯಾಪಕಿ (ಸದ್ಯಕ್ಕೆ)