ಮುಟ್ಟಿದ ಒಂಟೆ

ಪೆಸ್ಟ್ ನಗರ, ೧೮೬೧

ಬೆರ್ಟಾಲನ್, ಚದುರಂಗದ ಆ ಪಂದ್ಯವನ್ನು ನೀನು ಜಮೀನ್ದಾರ ಕೌಂಟನಿಗೆ ಮಾರಿಕೊಂಡೆ. ಗೆಲ್ಲಿಸುವ ಕಾಲಾಳನ್ನು ಬಿಟ್ಟು ಪಕ್ಕದ ಒಂಟೆಯನ್ನು ಮುಟ್ಟಿದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮಕ್ಕೆ ಸಿಕ್ಕಿ ಸೋತೆ. ಕಾಫಿಮನೆಯ ಜನರೆಲ್ಲರ ಎದುರು ನಾನು ನಿನ್ನನ್ನು ದ್ರೋಹಿ ಎಂದೆ. ನೀನು ಟೋಪಿಗಾಗಿ ತಡಕಾಡಿ ಹೊರನಡೆದೆ, ಊರನ್ನೇ ಬಿಟ್ಟೆ.

ಇವತ್ತು ಅಲ್ಲಿನ ಪರಿಚಾರಕ ಗೆರ್ಗೆ ನನ್ನನ್ನು ಹಂಗಿಸಿದ: "ಏನ್ರೀ ಕ್ರಾಂತಿಕಾರಿ ಸಾಹೇಬ್ರೇ, ಬೆರ್ಟಾಲನ್ ಅವರಿಗೆ ಕಣ್ಣು ಮಂಜಾಗಿ ವರ್ಷ ಆಯ್ತಲ್ಲ! ಖಾಲಿ ಬಟ್ಟಲನ್ನೇ ಎತ್ತಿ ಕುಡಿಯೋರು. ಜೊತೇಲಿದ್ದ ನಿಮಗೇ ಗೊತ್ತಾಗ್ಲಿಲ್ವಾ?"

ನಾನು ನಂಬಲಿಲ್ಲ. ಅವನು ಕೌಂಟನ ಬಕ್ಷೀಸು ತಿನ್ನುವವನು. ಆದರೆ ಚಳಿಗಾಲವಿಡೀ ನೀನು ಕರಪತ್ರಗಳನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿಕೊಂಡೆ. ನನ್ನ ಧ್ವನಿಯಲ್ಲಿ ಕೆಚ್ಚಿದೆ ಎಂದೆ. ಅದೂ ಸುಳ್ಳೇ?

ನಿನ್ನ ವಿಳಾಸ ಯಾರ ಬಳಿಯೂ ಇಲ್ಲ. ಆದರೂ ಬಾ, ಇನ್ನೊಂದು ಪಂದ್ಯ ಆಡೋಣ. ನನ್ನ ನಡೆಗಳನ್ನು ಬಾಯಿಬಿಟ್ಟು ಹೇಳುತ್ತೇನೆ. ಅದೇ ಮೇಜು, ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ.